ಕಳೆದ ಕೈಗಡಿಯಾರ: ಹುಡುಕುವ ಕ್ರಮ, ಮರಳಿಸುವ ಹೊಣೆ

ಓದುಗರ ಪ್ರಶ್ನೆಗಳು ಮತ್ತು ಉತ್ತರಗಳು

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಬಾರಿ ಬಂದಿರುವ ಪತ್ರಗಳಲ್ಲಿ ಹಲವು ಒಂದೇ ವಿಷಯಕ್ಕೆ ಸಂಬಂಧಿಸಿದವು. ಮನೆಯವರು ಪ್ರೀತಿಯಿಂದ ಕಾಪಾಡಿಕೊಂಡು ಬಂದ ಕೈಗಡಿಯಾರವೊಂದು ಕಳೆದಿದೆ, ಸಿಕ್ಕಿದೆ, ಅಥವಾ ಇನ್ನೊಬ್ಬರದು ತಮಗೆ ಸಿಕ್ಕಿದೆ. ಒಬ್ಬರಿಗೆ ಕೊಟ್ಟ ಉತ್ತರ ಇನ್ನೊಬ್ಬರಿಗೂ ಬೇಕಾದದ್ದೇ ಆಗಿರುವುದರಿಂದ ಅವುಗಳನ್ನು ಒಟ್ಟಾಗಿಯೇ ಪ್ರಕಟಿಸುತ್ತಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ನಮ್ಮ ಮಾವನವರು ಶಿಕ್ಷಕ ವೃತ್ತಿಯಿಂದ ನಿವೃತ್ತರಾದಾಗ ಸಹೋದ್ಯೋಗಿಗಳು ಸೇರಿ ಕೊಟ್ಟ ಎಚ್‌ಎಂಟಿ ಕೈಗಡಿಯಾರವನ್ನು, ಅವರು ತೀರಿಕೊಂಡ ಮೇಲೆ ನಮ್ಮ ಯಜಮಾನರು ಕಟ್ಟುತ್ತಿದ್ದರು. ದಿನವೂ ಕೀ ಕೊಡಬೇಕಾದ ಹಳೆಯ ಮಾದರಿಯದು. ಕಳೆದ ವಾರ ತೋಟದಲ್ಲಿ ಅರೇಬಿಕಾ ಕಾಫಿಯ ಹಣ್ಣು ಕೊಯ್ಯಿಸುತ್ತಿದ್ದಾಗ ಅದು ಎಲ್ಲಿಯೋ ಬಿದ್ದುಹೋಗಿದೆ. ಸಂಜೆ ಚೀಲಗಳನ್ನು ತೂಗುವ ಹೊತ್ತಿಗೆ ಕೈ ಬರಿದಾಗಿರುವುದು ತಿಳಿಯಿತು. ತರಗೆಲೆ ಕೆದಕಿ ನೋಡಿದೆವು, ಸಿಗಲಿಲ್ಲ. ಮನೆಯಲ್ಲಿ ಕೆಲವರು ಕೊಯ್ಲಿಗೆ ಬಂದವರ ಮೇಲೆ ಅನುಮಾನಪಡುತ್ತಿದ್ದಾರೆ. ನನಗೆ ಅದು ಸರಿಕಾಣುತ್ತಿಲ್ಲ. ಕ್ರಮವಾಗಿ ಹುಡುಕುವ ದಾರಿ ಏನಾದರೂ ಇದೆಯೇ?
ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ಅನುಮಾನದ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ವಾಚು ಸಿಗುವುದೋ ಬಿಡುವುದೋ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ. ಆ ದಿನ ಗಿಡದಿಂದ ಗಿಡಕ್ಕೆ ಹೋಗಿ, ಪ್ರತಿ ಬುಡದಲ್ಲೂ ಬಗ್ಗಿ ಉದುರಿದ ಹಣ್ಣನ್ನು ಆರಿಸಿದವರು ಕೊಯ್ಲಿನವರು. ನೆಲವನ್ನು ಅವರಷ್ಟು ಹತ್ತಿರದಿಂದ ನೋಡಿದವರು ಇನ್ನಾರೂ ಇಲ್ಲ, ಮುಂದಿನ ಸುತ್ತಿನ ಕೊಯ್ಲಿಗೆ ಅದೇ ತಾಕಿಗೆ ಮರಳುವವರೂ ಅವರೇ. ಅನುಮಾನದ ಒಂದು ನೋಟ ಬಿದ್ದರೂ ಸಾಕು, ನಾಳೆ ವಾಚು ಕಣ್ಣಿಗೆ ಬಿದ್ದರೂ ಎತ್ತಿಕೊಡಲು ಅವರು ಹೆದರುತ್ತಾರೆ. ಎತ್ತಿಕೊಟ್ಟರೆ 'ಇಷ್ಟು ದಿನ ಎಲ್ಲಿತ್ತು' ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆಂಬ ಭಯ ಅವರದು. ಯಾವ ಆಧಾರವೂ ಇಲ್ಲದೆ ದುಡಿಯುವ ಜನರನ್ನು ಕಳ್ಳರೆಂದು ಭಾವಿಸುವುದು ಅನ್ಯಾಯವೆಂಬುದಂತೂ ಸರಿಯೇ. ಮೇಸ್ತ್ರಿಯವರ ಮೂಲಕ ಎಲ್ಲರನ್ನೂ ಸೇರಿಸಿ, ಇದು ತೀರಿಕೊಂಡ ಹಿರಿಯರ ವಾಚು, ಸಿಕ್ಕಿದವರಿಗೆ ಇಷ್ಟು ಬಹುಮಾನ, ಯಾರನ್ನೂ ಏನನ್ನೂ ಕೇಳುವುದಿಲ್ಲ ಎಂದು ತಾವೇ ಹೇಳಿ. ಮಲೆನಾಡಿನ ತೋಟಗಳಿಗೆ ಈಗ ಅಸ್ಸಾಮಿನಿಂದಲೂ ಉತ್ತರ ಕರ್ನಾಟಕದಿಂದಲೂ ಕೆಲಸಗಾರರು ಬರುತ್ತಿರುವುದರಿಂದ ಬರೆದು ಅಂಟಿಸಿದ ಚೀಟಿ ಎಲ್ಲರನ್ನೂ ಮುಟ್ಟದು. ಮದುವೆಯದೋ ಹಬ್ಬದ್ದೋ ಫೋಟೊದಲ್ಲಿ ಯಜಮಾನರ ಕೈಯಲ್ಲಿ ಆ ವಾಚು ಕಾಣಿಸುತ್ತಿದ್ದರೆ ಅದನ್ನು ದೊಡ್ಡದಾಗಿ ಮುದ್ರಿಸಿ ತೋರಿಸಿ.

ಇನ್ನು ಹುಡುಕುವ ಕ್ರಮ. ತೋಟದ ಕೆಲಸದಲ್ಲಿ ವಾಚು ಕಳೆಯುವುದಕ್ಕೆ ಹೆಚ್ಚಿನ ವೇಳೆ ಕಾರಣ ಬೆಲ್ಟು ಹರಿಯುವುದಲ್ಲ; ಬೆಲ್ಟನ್ನು ವಾಚಿಗೆ ಹಿಡಿದಿಡುವ ಸಣ್ಣ ಸ್ಪ್ರಿಂಗ್ ಪಿನ್ನು ಬೆವರಿಗೆ ತುಕ್ಕು ಹಿಡಿದು ಸವೆದಿರುತ್ತದೆ, ರೆಂಬೆಯನ್ನು ಬಗ್ಗಿಸಿ ಬಿಡುವಾಗ ಅದಕ್ಕೆ ಸಿಕ್ಕಿ ಒಂದು ಕಡೆ ಕಳಚಿಕೊಳ್ಳುತ್ತದೆ. ಆದ್ದರಿಂದ ವಾಚು ಬಿದ್ದಿರುವ ಸಾಧ್ಯತೆ ನಡೆದಾಡುವ ದಾರಿಗಿಂತ ಗಿಡದ ಬುಡದಲ್ಲಿ, ರೆಂಬೆಗಳ ಕೆಳಗೆ ಹೆಚ್ಚು. ಯಜಮಾನರು ಆ ದಿನ ಸ್ವತಃ ರೆಂಬೆ ಹಿಡಿದು ನೋಡಿದ ಸಾಲುಗಳು ಯಾವುವೆಂದು ಅವರನ್ನು ಕೂರಿಸಿಕೊಂಡು ಕೇಳಿ, ಕೊನೆಯ ಬಾರಿ ಸಮಯ ನೋಡಿದ್ದು ಎಲ್ಲಿ ಎಂಬುದರಿಂದ ಆರಂಭಿಸಿ, ಅಲ್ಲಿಂದ ಮುಂದಿನ ಸಾಲುಗಳಷ್ಟನ್ನೇ ಹಗ್ಗ ಕಟ್ಟಿ ತುಂಡುತುಂಡಾಗಿ ವಿಂಗಡಿಸಿಕೊಳ್ಳಿ. ಇಳಿಜಾರಿನ ತಾಕಾದರೆ ಗಿಡದ ಕೆಳಬದಿಯಲ್ಲಿರುವ ತೊಟ್ಟಿಲು ಗುಂಡಿಗಳನ್ನು ಮರೆಯಬೇಡಿ. ಮಳೆನೀರು ಇಂಗಲೆಂದು ಸಾಲುಗಳ ನಡುವೆ ತೋಡಿದ ಆ ಗುಂಡಿಗಳಲ್ಲಿ ಮೇಲಿನಿಂದ ಜಾರಿದ ಎಲ್ಲವೂ ತಂಗುತ್ತದೆ.

ತರಗೆಲೆಯನ್ನು ಇನ್ನು ಕೆದಕಬೇಡಿ. ಕೆದಕಿದಾಗ ಎಲೆ ಮೇಲಕ್ಕೆ ಬಂದು, ಭಾರವಿರುವ ವಾಚು ಇನ್ನಷ್ಟು ಕೆಳಗಿಳಿದು ಮಣ್ಣಿಗೆ ಅಂಟಿಕೊಳ್ಳುತ್ತದೆ. ಎಲೆಯನ್ನು ಕೈಯಿಂದ ಪದರು ಪದರಾಗಿ ಎತ್ತಿ, ಹುಡುಕಿ ಮುಗಿಸಿದ ತುಂಡಿನ ಕಡೆಗೆ ಹಾಕುತ್ತಾ ಹೋಗಬೇಕು. ನೆರಳಿನ ಮರಗಳ ಕೆಳಗೆ ನಡುಹಗಲಿನಲ್ಲಿ ಹುಡುಕುವುದಕ್ಕಿಂತ ಬೆಳಗ್ಗೆ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಹುಡುಕುವುದು ಮೇಲು. ಕತ್ತಲಾದ ಮೇಲೆ ಟಾರ್ಚನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದು ಬೆಳಕನ್ನು ಅಡ್ಡಲಾಗಿ ಹಾಯಿಸಿದರೆ ಗಾಜು ಮತ್ತು ಲೋಹ ಹೊಳೆಯುತ್ತವೆ, ಎಲೆ ಹೊಳೆಯುವುದಿಲ್ಲ. ಲೋಹಶೋಧಕ ಯಂತ್ರ ದೊರೆತರೆ ಉಪಯೋಗಿಸಬಹುದು. ಆದರೆ ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿರುವುದರಿಂದ ಅದು ಆಗಾಗ ಸುಮ್ಮನೆ ಕೂಗುತ್ತದೆ ಎಂಬುದು ಗೊತ್ತಿರಲಿ. ಕೋಲಿಗೆ ಆಯಸ್ಕಾಂತ ಕಟ್ಟಿ ಎಳೆದಾಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ವಾಚಿನೊಳಗೆ ಕೂದಲೆಳೆಯಂಥ ಸುರುಳಿಯೊಂದಿದೆ. ಕಾಂತತ್ವ ತಗುಲಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿ, ಸಿಕ್ಕ ವಾಚು ವಿಪರೀತ ಮುಂದಕ್ಕೆ ಓಡಲು ತೊಡಗುತ್ತದೆ.

ನೆಲದ ಮೇಲೆ ಇಲ್ಲವೆಂದಾದರೆ ಹಣ್ಣಿನ ಜೊತೆ ಹೋಗಿರಬಹುದು. ಕೊಯ್ದ ಹಣ್ಣಿನ ಚೀಲವನ್ನು ಸರಿಪಡಿಸಲು ಕೈ ಹಾಕಿದಾಗ ವಾಚು ಅದರೊಳಗೆ ಕಳಚಿ ಬಿದ್ದಿದ್ದರೆ, ಆ ದಿನದ ಹಣ್ಣು ಎಲ್ಲಿ ಹೋಯಿತು ಎಂಬುದೇ ಮುಖ್ಯ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹೋಗಿದ್ದರೆ, ಅದಕ್ಕೂ ಮೊದಲು ಹಣ್ಣು ಬೀಳುವ ನೀರಿನ ತೊಟ್ಟಿಯ ತಳವನ್ನು ನೋಡಿ. ಕಲ್ಲು, ಮೊಳೆಗಳು ನಿಲ್ಲುವ ಜಾಗ ಅದು, ವಾಚೂ ಅಲ್ಲಿಯೇ ನಿಲ್ಲುತ್ತದೆ. ಹಾಗೆಯೇ ಒಣಗಲು ಕಣಕ್ಕೆ ಹರಡಿದ್ದರೆ, ಹಣ್ಣನ್ನು ಮಗುಚುವವರಿಗೆ ತಿಳಿಸಿಡಿ. ಹಣ್ಣು ಒಣಗಿ ಕುಗ್ಗುತ್ತಾ ಬಂದಂತೆ ಒಳಗಿರುವುದು ತಾನೇ ಮೇಲೆ ಕಾಣಿಸಿಕೊಳ್ಳುವುದುಂಟು. ತಮ್ಮ ತೋಟದಲ್ಲಿ ಕೊಯ್ಲು ಇನ್ನೂ ಮುಗಿದಿಲ್ಲವಾದ್ದರಿಂದ ಆಸೆ ಬಿಡುವ ಕಾಲ ಬಂದಿಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಮನೆಯೊಳಗೆ ವಾಚು ಕಳೆದುಕೊಂಡಿರುವ ಇತರ ಓದುಗರಿಗೆ ಒಂದು ಮಾತು. ಕೀ ಕೊಡುವ ವಾಚು ಪೂರ್ತಿ ಕೀ ಕೊಟ್ಟ ಮೇಲೆ ಸುಮಾರು ಒಂದೂವರೆ ದಿನ, ಕೆಲವು ಎರಡು ದಿನದವರೆಗೂ ನಡೆಯುತ್ತವೆ. ಹಳೆಯ ಎಚ್‌ಎಂಟಿ ವಾಚುಗಳು ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ 5 ಬಾರಿ ಮಿಡಿಯುತ್ತವೆ. ಆ ಮೊದಲ ರಾತ್ರಿ ಫ್ಯಾನು, ಫ್ರಿಜ್ಜು ಎಲ್ಲವನ್ನೂ ನಿಲ್ಲಿಸಿ, ದಿಂಬು, ಬಟ್ಟೆರಾಶಿ, ಮಂಚದ ಸಂದುಗಳ ಬಳಿ ಕಿವಿಯಿಟ್ಟು ಕೇಳಿದರೆ ಸದ್ದು ದಾರಿ ತೋರಿಸುತ್ತದೆ. ಮೂರನೆಯ ದಿನ ಈ ಅನುಕೂಲ ಇರುವುದಿಲ್ಲ.

ಪ್ರಶ್ನೆ: ಚಿಕ್ಕಮಗಳೂರಿನಿಂದ ಹಾಸನಕ್ಕೆ ಸರ್ಕಾರಿ ಬಸ್ಸಿನಲ್ಲಿ ಬರುವಾಗ ಅಣ್ಣ ಕೊಡಿಸಿದ್ದ ವಾಚನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡಿದ್ದೆ. ಇಳಿದು ಮನೆಗೆ ಬಂದ ಮೇಲೆ ಅದು ಇರಲಿಲ್ಲ. ಯಾರಿಗೆ ಹೇಳಬೇಕು? ಪೊಲೀಸರು ಇಂಥ ಸಣ್ಣ ವಿಷಯವನ್ನು ಕೇಳಿಸಿಕೊಳ್ಳುತ್ತಾರೆಯೇ?
ವಿದ್ಯಾರ್ಥಿ, ಹಾಸನ

ಉತ್ತರ: ಮೊದಲು ಟಿಕೆಟ್ ಹುಡುಕಿ. ದಿನಾಂಕ ಮತ್ತು ಸಮಯ ಅಚ್ಚಾಗಿರುವ ಆ ಚೀಟಿ ಕೈಯಲ್ಲಿದ್ದರೆ ನೀವು ಬಂದ ಬಸ್ಸು ಯಾವ ಘಟಕದ್ದು, ನಿರ್ವಾಹಕರು ಯಾರು ಎಂಬುದನ್ನು ಗುರುತಿಸುವುದು ಬಹಳ ಸುಲಭ. ಅದರೊಂದಿಗೆ ಹಾಸನದ ಬಸ್ ನಿಲ್ದಾಣದ ಸಂಚಾರ ನಿಯಂತ್ರಕರನ್ನು ಕಂಡು, ಕುಳಿತಿದ್ದ ಆಸನ ಯಾವ ಬದಿಯದು, ಎಷ್ಟನೆಯ ಸಾಲಿನದು ಎಂಬುದನ್ನು ಸೇರಿಸಿ ತಿಳಿಸಿ. ಅದೇ ಬಸ್ಸು ಬೇರೆ ಮಾರ್ಗಕ್ಕೆ ಹೊರಟುಹೋಗಿದ್ದರೂ ನಿರ್ವಾಹಕರಿಗೆ ಫೋನಿನಲ್ಲಿ ಸುದ್ದಿ ತಲುಪಿಸಬಹುದು. ರಾತ್ರಿ ಬಸ್ಸು ಘಟಕಕ್ಕೆ ಹಿಂದಿರುಗಿ ಒಳಗೆ ಗುಡಿಸುವ ಮೊದಲೇ ಘಟಕಕ್ಕೆ ವಿಷಯ ಮುಟ್ಟಿರಬೇಕು, ಆಸನದ ಮತ್ತು ಬಸ್ಸಿನ ಗೋಡೆಯ ನಡುವಿನ ಸಂದಿನಲ್ಲಿ ಸಣ್ಣ ವಸ್ತುಗಳು ಸಿಕ್ಕಿಕೊಳ್ಳುತ್ತವೆ ಎಂಬುದನ್ನು ಅಲ್ಲಿ ನೆನಪಿಸಬೇಕು. ರೈಲಿನಲ್ಲಿ ಕಳೆದುಕೊಂಡವರು 139 ಸಂಖ್ಯೆಗೆ ಕರೆ ಮಾಡಿ ರೈಲಿನ ಸಂಖ್ಯೆ, ಬೋಗಿ, ಆಸನ ಹೇಳಬೇಕು. ಕಡೂರು, ಅರಸೀಕೆರೆಯಂಥ ಜಂಕ್ಷನ್‌ಗಳಲ್ಲಿ ರೈಲ್ವೆ ರಕ್ಷಣಾ ಪಡೆಯವರನ್ನೂ ನೇರವಾಗಿ ಕಾಣಬಹುದು.

ಪೊಲೀಸರ ವಿಷಯದಲ್ಲಿ ಸಂಕೋಚ ಬೇಡ. ಕಳೆದ ವಸ್ತುಗಳ ವರದಿ ದಾಖಲಿಸಲು ಕರ್ನಾಟಕ ರಾಜ್ಯ ಪೊಲೀಸ್ ಇಲಾಖೆ ಇ-ಲಾಸ್ಟ್ ಎಂಬ ಸೌಲಭ್ಯವನ್ನು ಇಟ್ಟಿದೆ. ಅದು ಬೇಡವೆನಿಸಿದರೆ ಠಾಣೆಗೆ ಬರಹದಲ್ಲಿ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇದು ಎಫ್‌ಐಆರ್ ಅಲ್ಲ, ತನಿಖೆಯನ್ನು ಆರಂಭಿಸುವುದೂ ಇಲ್ಲ. ಆದರೆ ಇಂಥ ದಿನ ಇಂಥ ವಾಚು ನನ್ನಿಂದ ಕಳೆದಿದೆ ಎಂದು ನೀವು ಹೇಳಿದ್ದಕ್ಕೆ ಅದು ದಾಖಲೆ. ಮುಂದೆ ವಾಚು ಎಲ್ಲಿಯಾದರೂ ಕಂಡುಬಂದಾಗ ಈ ಕಾಗದಕ್ಕೆ ತುಂಬ ಬೆಲೆ ಬರುತ್ತದೆ. ಜೇಬಿನಿಂದ ಯಾರೋ ಎತ್ತಿದ್ದಾರೆಂದು ನಂಬಲು ಕಾರಣವಿದ್ದರೆ ಮಾತ್ರ ಕಳವಿನ ದೂರು ಕೊಡಿ.

ಪ್ರಶ್ನೆ: ಹಾಸನಾಂಬೆಯ ದರ್ಶನಕ್ಕೆ ಹೋದಾಗ ಸರತಿ ಸಾಲಿನ ತಡೆಗಂಬಿಯ ಬಳಿ ಹೆಂಗಸರ ಒಂದು ವಾಚು ನನಗೆ ಸಿಕ್ಕಿತು. ನೂಕುನುಗ್ಗಲಿನಲ್ಲಿ ಯಾರಿಗೆ ಕೊಡಬೇಕೆಂದು ತಿಳಿಯದೆ ಮನೆಗೆ ತಂದೆ. ಈಗ ದೇವಸ್ಥಾನದ ಬಾಗಿಲು ಮುಚ್ಚಿದೆ. ದೇವಿಯ ಪ್ರಸಾದವೆಂದು ಇಟ್ಟುಕೋ ಎನ್ನುತ್ತಾರೆ ಅಕ್ಕಪಕ್ಕದವರು. ಇಟ್ಟುಕೊಂಡರೆ ತಪ್ಪೇ?
ಓದುಗರು, ಅರಸೀಕೆರೆ

ಉತ್ತರ: ಹೌದು, ಈಗಿರುವ ಸ್ಥಿತಿಯಲ್ಲಿ ಇಟ್ಟುಕೊಂಡರೆ ತಪ್ಪಾಗುತ್ತದೆ. ಆದರೆ ತಾವು ಇದುವರೆಗೆ ಮಾಡಿದ್ದು ತಪ್ಪಲ್ಲ. ವ್ಯತ್ಯಾಸ ಎಲ್ಲಿದೆಯೆಂದು ವಿವರಿಸುತ್ತೇನೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮು ಇನ್ನೊಬ್ಬರ ಚರ ಸ್ವತ್ತನ್ನು ಅಪ್ರಾಮಾಣಿಕವಾಗಿ ತನ್ನದಾಗಿಸಿಕೊಳ್ಳುವುದನ್ನು ಅಪರಾಧವೆಂದು ಹೇಳುತ್ತದೆ. ಶಿಕ್ಷೆ 6 ತಿಂಗಳಿಗೆ ಕಡಿಮೆಯಿಲ್ಲದೆ 2 ವರ್ಷದವರೆಗಿನ ಸೆರೆವಾಸ ಮತ್ತು ದಂಡ. ದಾರಿಯಲ್ಲಿ ಸಿಕ್ಕ ವಸ್ತುವಿನ ಬಗ್ಗೆ ಅದೇ ಕಲಮಿನಲ್ಲಿ ವಿವರಣೆಯಿದೆ. ಒಡೆಯರಿಗೆ ಮರಳಿಸಲೆಂದು ಅಥವಾ ಅವರಿಗಾಗಿ ಕಾಪಾಡಲೆಂದು ಎತ್ತಿಕೊಂಡರೆ ಅಪರಾಧವಿಲ್ಲ. ಒಡೆಯರು ಯಾರೆಂದು ತಿಳಿದಿದ್ದೂ, ಅಥವಾ ತಿಳಿಯುವ ದಾರಿ ಇದ್ದೂ ತನ್ನದಾಗಿಸಿಕೊಂಡರೆ ಅಪರಾಧವಾಗುತ್ತದೆ. ಒಡೆಯರನ್ನು ಹುಡುಕಲು ತಕ್ಕ ಪ್ರಯತ್ನ ಮಾಡದೆ, ಅವರು ಬಂದು ಕೇಳುವಷ್ಟು ಕಾಲ ಕಾಯದೆ ಬಳಸಿದರೂ ಅಪರಾಧವೇ. ಅಲ್ಲಿ ಕೊಟ್ಟಿರುವ ನಿದರ್ಶನಗಳು ತಮ್ಮ ಪ್ರಸಂಗಕ್ಕೆ ಬಹಳ ಹತ್ತಿರವಾಗಿವೆ: ಹೆದ್ದಾರಿಯಲ್ಲಿ ಯಾರದೆಂದು ಗೊತ್ತಿಲ್ಲದ ಒಂದು ರೂಪಾಯಿಯನ್ನು ಎತ್ತಿಕೊಂಡವನು ಅಪರಾಧಿಯಲ್ಲ, ಬೆಲೆಬಾಳುವ ಉಂಗುರ ಸಿಕ್ಕಿದಾಗ ಒಡೆಯರನ್ನು ಹುಡುಕುವ ಪ್ರಯತ್ನವನ್ನೇ ಮಾಡದೆ ಕೂಡಲೇ ಮಾರಿದವನು ಅಪರಾಧಿ. ವಾಚು ಉಂಗುರದ ಸಾಲಿಗೆ ಸೇರುತ್ತದೆ.

ಇನ್ನು 1872ರ ಭಾರತೀಯ ಕರಾರು ಅಧಿನಿಯಮದ 71ನೆಯ ಕಲಮಿನ ಪ್ರಕಾರ, ಸಿಕ್ಕ ವಸ್ತುವನ್ನು ತನ್ನ ವಶಕ್ಕೆ ತೆಗೆದುಕೊಂಡವರ ಹೊಣೆ ಇನ್ನೊಬ್ಬರ ವಸ್ತುವನ್ನು ಮರಳಿಸುವ ಕರಾರಿನ ಮೇಲೆ ವಹಿಸಿಕೊಂಡವರ ಹೊಣೆಯಷ್ಟೇ. ತಮ್ಮ ಸ್ವಂತ ವಾಚನ್ನು ಎಷ್ಟು ಜೋಪಾನ ಮಾಡುವಿರೋ ಅಷ್ಟು ಜೋಪಾನವಾಗಿ ಇದನ್ನೂ ಇಡಬೇಕು. ಆದ್ದರಿಂದ ಕಟ್ಟಿಕೊಂಡು ಓಡಾಡಬೇಡಿ, ಮಕ್ಕಳ ಕೈಗೂ ಕೊಡಬೇಡಿ.

ದೇವಸ್ಥಾನದ ಬಾಗಿಲು ಮುಚ್ಚಿದ್ದರೂ ಆಡಳಿತ ಕಚೇರಿ ಇದ್ದೇ ಇರುತ್ತದೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ದೀಪಾವಳಿಯ ಆಸುಪಾಸಿನಲ್ಲಿ ಕೆಲವೇ ದಿನ ತೆರೆಯುವುದರಿಂದ ಕಳೆದುಕೊಂಡವರು ಮತ್ತೆ ಮುಂದಿನ ವರ್ಷ ಬರುವವರೆಗೆ ಕಾಯದೆ ಆ ಕಚೇರಿಯನ್ನೋ ಹಾಸನದ ಪೊಲೀಸ್ ಠಾಣೆಯನ್ನೋ ಈಗಾಗಲೇ ಸಂಪರ್ಕಿಸಿರಬಹುದು. ತಾವು ಹಾಸನಕ್ಕೆ ಹೋಗಿ ವಾಚನ್ನು ಠಾಣೆಗೆ ಒಪ್ಪಿಸಿ, ಯಾವ ದಿನ ಎಷ್ಟು ಹೊತ್ತಿಗೆ ಎಲ್ಲಿ ಸಿಕ್ಕಿತೆಂದು ಬರೆದು ಕೊಟ್ಟು ರಸೀದಿ ಪಡೆಯಿರಿ, ಅದರ ಪ್ರತಿಯನ್ನು ದೇವಸ್ಥಾನದ ಕಚೇರಿಗೆ ಕೊಡಿ. ವಾಟ್ಸಾಪ್ ಗುಂಪುಗಳಿಗೆ ಹಾಕುವುದಾದರೆ 'ಹೆಂಗಸರ ವಾಚು ಸಿಕ್ಕಿದೆ' ಎಂದಷ್ಟೇ ಬರೆಯಿರಿ. ಫೋಟೊ ಹಾಕಿದರೆ ಯಾರು ಬೇಕಾದರೂ ನನ್ನದೆಂದು ಬರಬಹುದು. ಬಣ್ಣ, ಕಂಪನಿ, ಬೆಲ್ಟೋ ಚೈನೋ, ಗಾಜಿನ ಮೇಲೆ ಗೀರು ಎಲ್ಲಿದೆ ಎಂಬುದನ್ನು ಅವರೇ ಹೇಳಲಿ.

ಬಹುಮಾನದ ಮಾತನ್ನು ತಾವು ಕೇಳಿಲ್ಲ, ಆದರೂ ಹೇಳಬೇಕು. ಒಡೆಯರು ಇಂತಿಷ್ಟು ಕೊಡುವೆನೆಂದು ಮೊದಲೇ ಸಾರಿದ್ದರೆ ಅದನ್ನು ಪಡೆಯುವ ಹಕ್ಕನ್ನು ಕರಾರು ಅಧಿನಿಯಮದ 168ನೆಯ ಕಲಮು ವಸ್ತು ಸಿಕ್ಕವರಿಗೆ ಕೊಟ್ಟಿದೆ, ಪಡೆಯುವವರೆಗೆ ವಸ್ತುವನ್ನು ತಡೆಹಿಡಿಯಲೂ ಬಹುದು. ಸಾರಿದ್ದು ತಿಳಿಯದೆಯೇ ಮರಳಿಸಿದವರಿಗೆ ಆ ಹಕ್ಕಿಲ್ಲ ಎಂಬುದು 1913ರಷ್ಟು ಹಿಂದೆಯೇ ಅಲಹಾಬಾದ್ ಉಚ್ಚ ನ್ಯಾಯಾಲಯದಲ್ಲಿ, ಮನೆ ಬಿಟ್ಟು ಹೋದ ಹುಡುಗನನ್ನು ಹುಡುಕಿ ತಂದ ನೌಕರರೊಬ್ಬರ ಪ್ರಕರಣದಲ್ಲಿ ತೀರ್ಮಾನವಾಗಿದೆ. ವಾಚು ಕಳೆದುಕೊಂಡು ಪ್ರಕಟಣೆ ಕೊಡುವವರು ಬಹುಮಾನದ ಮೊತ್ತವನ್ನು ಸ್ಪಷ್ಟವಾಗಿ ಬರೆಯುವುದು ಇದರಿಂದಾಗಿಯೂ ಒಳ್ಳೆಯದು.

ಪ್ರಶ್ನೆ: ಎರಡು ಮಳೆಗಾಲಗಳ ಹಿಂದೆ ಕಳೆದಿದ್ದ ನಮ್ಮ ತಂದೆಯವರ ಎಚ್‌ಎಂಟಿ ವಾಚು ಮೊನ್ನೆ ತೊಟ್ಟಿಲು ಗುಂಡಿ ತೆಗೆಸುವಾಗ ಮಣ್ಣಿನಲ್ಲಿ ಸಿಕ್ಕಿತು. ಗಾಜಿನೊಳಗೆ ಮಂಜು ಕಟ್ಟಿದೆ, ಮುಳ್ಳುಗಳು 4 ಗಂಟೆ 10 ನಿಮಿಷಕ್ಕೆ ನಿಂತಿವೆ. ಅದು ಬಿದ್ದ ಸಮಯವೇ ಅದು? ಮತ್ತೆ ನಡೆಯುವಂತೆ ಮಾಡಬಹುದೇ? ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇವೆ.
ಓದುಗರು, ಸಕಲೇಶಪುರ

ಉತ್ತರ: ತಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಸಕಲೇಶಪುರದ ಎರಡು ಮಳೆಗಾಲ ತಡೆದುಕೊಂಡ ವಾಚಿಗೆ ಇನ್ನು ಆತುರದಿಂದ ಕೆಡುಕಾಗಬಾರದು. ಅಕ್ಕಿ ಡಬ್ಬದಿಂದ ಕೂಡಲೇ ತೆಗೆಯಿರಿ. ಮುಚ್ಚಿದ ವಾಚಿನ ಒಳಗಿನ ತೇವವನ್ನು ಅಕ್ಕಿ ಹೊರಗೆಳೆಯಲಾರದು, ಅದರ ಹಿಟ್ಟಿನ ಧೂಳು ಮಾತ್ರ ಸಂದುಗಳಿಗೆ ಸೇರುತ್ತದೆ. ಬಿಸಿಲಿಗೆ ಇಡುವುದೂ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಾಯಿಸುವುದೂ ಬೇಡ. ಡಯಲಿನ ಬಣ್ಣ ಎದ್ದುಬಿಡುತ್ತದೆ, ಒಳಗೆ ಸಣ್ಣ ಹರಳುಗಳನ್ನು ಹಿಡಿದಿರುವ ಅರಗೂ ಸಡಿಲವಾಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನಡೆಯುತ್ತದೆಯೇ ನೋಡೋಣವೆಂದು ಕೀ ತಿರುಗಿಸಬೇಡಿ. ತುಕ್ಕು ಮತ್ತು ಮಣ್ಣಿನ ಕಣಗಳ ನಡುವೆ ಸ್ಪ್ರಿಂಗ್ ಬಲ ಹಾಕಿದರೆ ಚಕ್ರಗಳ ಹಲ್ಲು ಮುರಿಯುತ್ತದೆ. ಮುರಿಯದೆ ಉಳಿದಿದ್ದ ವಾಚನ್ನು ಸಿಕ್ಕ ಸಂಭ್ರಮದಲ್ಲಿ ಮುರಿದಂತಾಗುತ್ತದೆ.

ಮೇಲಿನ ಮಣ್ಣನ್ನು ಒಣ ಬಟ್ಟೆಯಿಂದ ಒರೆಸಿ, ಹಾಗೆಯೇ ಒಂದು ಡಬ್ಬಿಯಲ್ಲಿಟ್ಟು, ಕೀ ಕೊಡುವ ವಾಚುಗಳನ್ನು ಬಿಚ್ಚಿ ಜೋಡಿಸುವ ಕೆಲಸ ಗೊತ್ತಿರುವವರ ಬಳಿಗೆ ಒಯ್ಯಿರಿ. ಸೆಲ್ ಬದಲಾಯಿಸುವುದನ್ನಷ್ಟೇ ಬಲ್ಲ ಅಂಗಡಿಗಳೂ ಈಗ ಇರುವುದರಿಂದ ಮೊದಲು ವಿಚಾರಿಸಿ. ಹಾಸನದಲ್ಲಿಯೂ ಚಿಕ್ಕಮಗಳೂರಿನಲ್ಲಿಯೂ ಒಂಟಿಗಣ್ಣಿನ ಮಸೂರ ತೊಟ್ಟು ಪುಟ್ಟ ಮೇಜಿನ ಮುಂದೆ ಕೂರುವ ಹಳೆಯ ರಿಪೇರಿಗಾರರಲ್ಲಿ ಈ ವಿದ್ಯೆ ಉಳಿದಿದೆ. ಒಂದೊಂದು ಭಾಗವನ್ನೂ ಬೇರ್ಪಡಿಸಿ ತೊಳೆದು, ತುಕ್ಕು ತಿಂದ ಭಾಗಗಳನ್ನು ಬದಲಿಸಿ, ಹೊಸದಾಗಿ ಎಣ್ಣೆ ಹಾಕಬೇಕಾಗುತ್ತದೆ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ ಎಚ್‌ಎಂಟಿ ವಾಚಿನ ತಯಾರಿಕೆ ಆರಂಭವಾದಂದಿನಿಂದ, ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ನಡೆದ ಕಾಲದವರೆಗೆ, ಈ ವಾಚುಗಳು ಅಪಾರ ಸಂಖ್ಯೆಯಲ್ಲಿ ತಯಾರಾಗಿವೆ. ಮಾದರಿಯ ಹೆಸರು ಬೇರೆಯಾದರೂ ಹಲವು ಮಾದರಿಗಳ ಒಳಗಿನ ಯಂತ್ರ ಒಂದೇ ಬಗೆಯದು. ಕೆಟ್ಟ ವಾಚೊಂದರಿಂದ ಬಿಡಿಭಾಗ ತೆಗೆದು ತಮ್ಮದಕ್ಕೆ ಜೋಡಿಸಲು ಸಾಧ್ಯವಾಗುವುದು ಇದರಿಂದಲೇ.

ಕೊಡುವಾಗ ಎರಡು ಮಾತನ್ನು ಸ್ಪಷ್ಟವಾಗಿ ಹೇಳಿ. ಡಯಲಿಗೆ ಹೊಸ ಬಣ್ಣ ಬಳಿಯುವುದು ಬೇಡ, ಕಲೆಯಿದ್ದರೂ ತಂದೆಯವರು ನೋಡುತ್ತಿದ್ದ ಡಯಲೇ ಇರಲಿ. ಬದಲಿಸಿದ ಹಳೆಯ ಭಾಗಗಳನ್ನು ಕಾಗದದಲ್ಲಿ ಕಟ್ಟಿ ಹಿಂದಿರುಗಿಸಬೇಕು. ಒಳಗಿನ ಯಂತ್ರ ಪೂರ್ತಿ ತುಕ್ಕಾಗಿದ್ದರೆ ಬೇರೆ ಯಂತ್ರ ಕೂರಿಸಲು ಅವರು ಸೂಚಿಸಬಹುದು. ನನ್ನನ್ನು ಕೇಳಿದರೆ, ಡಯಲು, ಮುಳ್ಳು, ಹಿಂಬದಿಯ ಮುಚ್ಚಳ ಹಳೆಯವೇ ಉಳಿಯುವುದಾದರೆ ಒಪ್ಪಿಕೊಳ್ಳಬಹುದು, ಏಕೆಂದರೆ ಕೈಗೆ ಕಟ್ಟಿ ನಡೆಯುವ ವಾಚಾಗಿ ಅದು ಮನೆಯಲ್ಲಿರುವುದು ಪೆಟ್ಟಿಗೆಯಲ್ಲಿ ನಿಂತು ಹೋಗಿರುವುದಕ್ಕಿಂತ ಮೇಲು.

ಸೆಲ್ಲಿನ ವಾಚು ಹೀಗೆ ನೀರಿಗೆ ಬಿದ್ದು ಸಿಕ್ಕಿದ್ದರೆ ಮೊದಲು ಸೆಲ್ ತೆಗೆಸಬೇಕು. ಸೋರಿದ ಸೆಲ್ ಒಳಗಿನದನ್ನು ತಿಂದುಹಾಕುತ್ತದೆ.

4 ಗಂಟೆ 10 ನಿಮಿಷದ ಬಗ್ಗೆ: ಅದು ಬಿದ್ದ ಸಮಯವೆಂದು ಹೇಳಲಾಗದು. ನೀರು ಒಳಹೊಕ್ಕು ಕೂಡಲೇ ನಿಂತಿದ್ದರೆ ಬಿದ್ದದ್ದು ಆ ಹೊತ್ತಿಗೆ ಸ್ವಲ್ಪ ಮೊದಲು ಇರಬಹುದು. ನೀರು ಸೇರುವ ಮುನ್ನ ಕೀ ಮುಗಿಯುವವರೆಗೂ ಅದು ಎಲೆಯ ಕೆಳಗೆ ನಡೆಯುತ್ತಲೇ ಇದ್ದಿದ್ದರೆ ಮುಳ್ಳು ಮರುದಿನದ ಯಾವುದೋ ಹೊತ್ತನ್ನು ತೋರಿಸುತ್ತಿದೆ. ಹಗಲೋ ರಾತ್ರಿಯೋ ಎಂಬುದನ್ನೂ ಮುಳ್ಳು ಹೇಳುವುದಿಲ್ಲ. ಬಿಚ್ಚುವ ಮೊದಲು ಈ ಸ್ಥಿತಿಯಲ್ಲಿಯೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಕಳೆದುಹೋದ ನನ್ನ ವಾಚಿನಂತೆಯೇ ಇರುವ ಒಂದು ಹಳೆಯ ವಾಚು ಸೆಕೆಂಡ್ ಹ್ಯಾಂಡ್ ಮಾರುವವರ ಬಳಿ ಕಂಡಿತು. ಕೇಳಿದರೆ ತಾವು ದುಡ್ಡು ಕೊಟ್ಟು ಕೊಂಡದ್ದೆಂದರು. ದುಡ್ಡು ಕೊಟ್ಟಿದ್ದರೆ ಅದು ಅವರದೇ ಆಗಿಬಿಡುತ್ತದೆಯೇ? ನನ್ನದೆಂದು ಹೇಗೆ ತೋರಿಸಲಿ?
ಓದುಗರು, ಬೇಲೂರು

ಉತ್ತರ: ಆಗುವುದಿಲ್ಲ. ಮಾರುವವನಿಗೆ ಒಡೆತನವಿಲ್ಲದಿದ್ದರೆ ಕೊಂಡವನಿಗೂ ಸಾಮಾನ್ಯವಾಗಿ ಒಡೆತನ ಬರುವುದಿಲ್ಲ ಎಂಬುದು 1930ರ ಸರಕು ಮಾರಾಟ ಅಧಿನಿಯಮದ 27ನೆಯ ಕಲಮಿನ ತತ್ತ್ವ. ವಸ್ತುವನ್ನು ಕಳೆದುಕೊಂಡ ಮಾತ್ರಕ್ಕೆ ಅದರ ಮೇಲಿನ ಹಕ್ಕು ಕಳೆದುಹೋಗುವುದಿಲ್ಲ. ಆದರೆ ಅದು ತಮ್ಮದೇ ವಾಚು ಎಂಬುದು ಮೊದಲು ಖಚಿತವಾಗಬೇಕು. ಹಳೆಯ ಎಚ್‌ಎಂಟಿ ವಾಚುಗಳನ್ನು ದುರಸ್ತಿ ಮಾಡಿ, ಡಯಲಿಗೆ ಹೊಸ ಬಣ್ಣ ಹಾಕಿ ಮಾರುವ ವ್ಯಾಪಾರ ಇಂದು ದೇಶದಾದ್ಯಂತ ನಡೆಯುತ್ತಿದೆ, ನೋಡಲು ಒಂದೇ ರೀತಿಯ ನೂರಾರು ವಾಚುಗಳು ಇರುತ್ತವೆ. ಹೊರನೋಟವನ್ನು ನಂಬಿ ಯಾರನ್ನೂ ಆರೋಪಿಸಬೇಡಿ.

ವಾಚಿನ ಹಿಂಬದಿಯ ಮುಚ್ಚಳದ ಮೇಲೆ ಸಂಖ್ಯೆ ಇರುತ್ತದೆ. ಕೊಂಡಾಗಿನ ರಸೀದಿಯಲ್ಲೋ ಗ್ಯಾರಂಟಿ ಕಾರ್ಡಿನಲ್ಲೋ ಅದನ್ನು ಬರೆದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಆ ಕಾಗದ ಇಲ್ಲದಿದ್ದರೂ ಇನ್ನೊಂದು ಸಾಕ್ಷಿ ಉಂಟು, ಅದು ಬಹುಮಂದಿಗೆ ತಿಳಿದಿಲ್ಲ. ವಾಚು ಬಿಚ್ಚಿದ ರಿಪೇರಿಗಾರರಲ್ಲಿ ಅನೇಕರು ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ತಮ್ಮದೇ ಗುರುತು, ಕೆಲವೊಮ್ಮೆ ದಿನಾಂಕ ಅಥವಾ ರಸೀದಿ ಸಂಖ್ಯೆಯನ್ನು ಗೀಚಿಡುತ್ತಾರೆ. ಅದು ಹೊರಗಿನಿಂದ ಕಾಣಿಸದು. ಡಯಲು, ಗಾಜು ಬದಲಾದರೂ ಅದು ಉಳಿದಿರುತ್ತದೆ. ತಾವು ವಾಡಿಕೆಯಾಗಿ ವಾಚು ಕೊಡುತ್ತಿದ್ದ ರಿಪೇರಿಗಾರರನ್ನು ಕಂಡು ಅವರ ಗುರುತು ಎಂಥದೆಂದು ಕೇಳಿ ಬರೆಸಿಕೊಳ್ಳಿ, ಬಳಿಕ ಅವರನ್ನೇ ಜೊತೆಗೆ ಕರೆದೊಯ್ದು, ವ್ಯಾಪಾರಿಯ ಮುಂದೆಯೇ ಮುಚ್ಚಳ ತೆಗೆಯಲು ವಿನಂತಿಸಿ. ಗುರುತು ಹೊಂದಿದರೆ ಬಹುಪಾಲು ವ್ಯಾಪಾರಿಗಳು ಪೊಲೀಸ್ ವ್ಯವಹಾರಕ್ಕೆ ಹೋಗುವುದಕ್ಕಿಂತ ವಾಚು ಕೊಟ್ಟುಬಿಡುವುದನ್ನೇ ಒಪ್ಪುತ್ತಾರೆ. ಅವರೂ ತಿಳಿಯದೆ ಹಣ ಕೊಟ್ಟವರೇ ಆಗಿದ್ದರೆ ಅವರ ಕೈಬಿಟ್ಟುಹೋದ ಮೊತ್ತದಲ್ಲಿ ಒಂದು ಪಾಲನ್ನು ತಾವು ಸ್ವಇಚ್ಛೆಯಿಂದ ಕೊಟ್ಟರೆ ಅದು ಔದಾರ್ಯವಷ್ಟೇ, ಕಾನೂನು ಅದನ್ನು ಕೇಳುವುದಿಲ್ಲ. ಅವರು ಒಪ್ಪದಿದ್ದರೆ, ಕಳೆದಾಗ ದಾಖಲಿಸಿದ ವರದಿಯ ಪ್ರತಿಯೊಂದಿಗೆ ಠಾಣೆಗೆ ಹೋಗಿ.

ಪ್ರಶ್ನೆ: ತಂದೆಯವರ ವಾಚು ನನ್ನ ಕೈಯಿಂದ ಕಳೆದಿದೆ. ಅವರಿಗೆ ಎಂಬತ್ತು ದಾಟಿದೆ, ದಿನವೂ ಕೇಳುತ್ತಾರೆ. ರಿಪೇರಿಗೆ ಕೊಟ್ಟಿದ್ದೇನೆ ಎಂದು ಹೇಳಿದ್ದೇನೆ. ಅದೇ ಮಾದರಿಯ ಇನ್ನೊಂದನ್ನು ಕೊಂಡು ತಂದು ಅವರದೇ ಎಂದು ಕೊಟ್ಟರೆ ಅವರ ಮನಸ್ಸು ನೆಮ್ಮದಿಯಾಗುವುದಿಲ್ಲವೇ?
ಓದುಗರು, ಚಿಕ್ಕಮಗಳೂರು

ಉತ್ತರ: ತಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಹಾಗೆ ಮಾಡಬೇಡಿ. ದಶಕಗಳ ಕಾಲ ಒಂದೇ ವಾಚಿಗೆ ಬೆಳಗ್ಗೆ ಕೀ ಕೊಟ್ಟವರ ಬೆರಳಿಗೆ ಅದರ ತಿರುಪಿನ ಬಿಗಿ, ಎಷ್ಟು ಸುತ್ತಿಗೆ ನಿಲ್ಲುತ್ತದೆ ಎಂಬುದು, ದಿನಕ್ಕೆ ಎಷ್ಟು ನಿಮಿಷ ಹಿಂದೆ ಬೀಳುತ್ತದೆ ಎಂಬುದು ಎಲ್ಲವೂ ಗೊತ್ತಿರುತ್ತದೆ. ಎಂಬತ್ತರ ಕಣ್ಣಿಗೆ ಡಯಲು ಮಸುಕಾದರೂ ಬೆರಳು ಮರೆಯುವುದಿಲ್ಲ. ಅವರಿಗೆ ತಿಳಿದೇ ತಿಳಿಯುತ್ತದೆ. ಮಗ ಬೇರೆ ವಾಚು ಕೊಟ್ಟು ತಮ್ಮನ್ನು ನಂಬಿಸಲು ನೋಡಿದನೆಂಬ ನೋವು ವಾಚು ಹೋದ ನೋವಿಗಿಂತ ಹೆಚ್ಚಿನದಾಗುತ್ತದೆ. ಇವತ್ತೇ ಅವರ ಪಕ್ಕದಲ್ಲಿ ಕುಳಿತು, ಕಳೆದಿದೆ, ಹುಡುಕುತ್ತಿದ್ದೇನೆ ಎಂದು ಹೇಳಿಬಿಡಿ. ಅವರಿಂದ ಸಹಾಯವನ್ನೂ ಕೇಳಿ: ಎಲ್ಲಿ ಕೊಂಡದ್ದು, ಯಾರ ಬಳಿ ರಿಪೇರಿ ಮಾಡಿಸುತ್ತಿದ್ದದ್ದು, ಗೀರು ಎಲ್ಲಿತ್ತು ಎಂಬ ಅವರ ನೆನಪುಗಳೇ ಪ್ರಕಟಣೆಗೆ ಬೇಕಾದ ಗುರುತುಗಳು.

ಅದಾದ ಮೇಲೆ ಅವರ ಒಪ್ಪಿಗೆಯಿಂದ ಇನ್ನೊಂದು ವಾಚು ಕೊಡಿಸುವುದಾದರೆ ಖಂಡಿತ ಕೊಡಿಸಿ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟದ್ದರಿಂದ ಹಳೆಯ ಮಾದರಿಗಳಲ್ಲಿ ಮಾರುಕಟ್ಟೆಗೆ ಬರುವ ಹೆಚ್ಚಿನವು ಬಳಸಿದ ವಾಚುಗಳು. ಅಕ್ಷರಗಳು ಅತಿಯಾಗಿ ಹೊಳೆಯುವ, ಬಣ್ಣ ತೀರ ಹೊಸದಾಗಿ ಕಾಣುವ ಡಯಲಿನ ಬಗ್ಗೆ ಎಚ್ಚರವಿರಲಿ. ಕಟ್ಟಿಕೊಳ್ಳಲು ಎರಡೂ ಪಿನ್ನುಗಳ ಕೆಳಗೆ ಹಾದುಹೋಗುವ ಒಂದೇ ತುಂಡಿನ ಬೆಲ್ಟು ಹಾಕಿಸಿ. ಅಂಥ ಬೆಲ್ಟಿನಲ್ಲಿ ಒಂದು ಪಿನ್ನು ಮುರಿದರೂ ಇನ್ನೊಂದು ಪಿನ್ನು ವಾಚನ್ನು ಕೈಯಲ್ಲೇ ಹಿಡಿದಿರುತ್ತದೆ. ಮನೆಗೆ ತಂದ ದಿನವೇ ಹಿಂಬದಿಯ ಸಂಖ್ಯೆಯ ಫೋಟೊ ತೆಗೆದಿಡಿ.

ಹಳೆಯದರ ಹುಡುಕಾಟವನ್ನೂ ನಿಲ್ಲಿಸಬೇಡಿ. ಚಿಕ್ಕಮಗಳೂರಿನ ವಾಚ್ ರಿಪೇರಿ ಅಂಗಡಿಗಳಿಗೆ ಒಂದೊಂದು ಚೀಟಿ ಬರೆದುಕೊಡಿ, ಫೋನ್ ಸಂಖ್ಯೆ ಬದಲಾದರೆ ತಿದ್ದಿಸಿ. ಸಿಕ್ಕವರು ಅದನ್ನು ಕಟ್ಟಿಕೊಳ್ಳಲಿ, ಮಾರಲಿ, ಮನೆಯಲ್ಲಿಡಲಿ, ಕೀ ಕೊಡುವ ವಾಚು ಎಂದಾದರೊಮ್ಮೆ ರಿಪೇರಿಗೆ ಬಂದೇ ಬರುತ್ತದೆ. ಆ ದಿನ ಮುಚ್ಚಳ ತೆಗೆದು ನೋಡುವವರಿಗೆ ತಮ್ಮ ತಂದೆಯವರ ವಾಚಿನ ಗುರುತು ಮೊದಲೇ ತಿಳಿದಿರಬೇಕು.